ಸೊಪ್ಪಿನ ಸೀಮೆಯ ಹದಿಹರೆಯ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಜುಲೈ ಬಂತೆಂದರೆ ಊರಿಗೂರೇ ನಿದ್ದೆಗೆಡುತ್ತದೆ. ಮುರಿದು ತಂದ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಬೇಯಿಸಿ ಹದ ಮಾಡುವ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ಇರುಳೂ ಉರಿ ಕಾಯಬೇಕು. ಮೊದಲು ಸೊಪ್ಪು ಹಳದಿಗೆ ತಿರುಗುವಷ್ಟು ಮೆಲ್ಲನೆಯ ಶಾಖ, ಆಮೇಲೆ ಎಲೆ ಒಣಗುವಷ್ಟು, ಕೊನೆಗೆ ದಂಟು ಒಣಗಲು ಇನ್ನೂ ಜೋರು. ಒಂದು ಹೊತ್ತು ಮೈಮರೆತರೆ ಬಣ್ಣ ಕೆಟ್ಟು ಹರಾಜಿನಲ್ಲಿ ರೇಟು ಬೀಳುತ್ತದೆ. ಅಪ್ಪ ಹಗಲೆಲ್ಲ ಸೊಪ್ಪು ಮುರಿದು ಸೋತಿರುತ್ತಾನೆ. ಹಾಗಾಗಿ ನಡುರಾತ್ರಿಯ ಕಾವಲು ಬಹಳ ಮನೆಗಳಲ್ಲಿ ಹತ್ತನೇ ಕ್ಲಾಸಿನ ಅಥವಾ ಪಿಯುಸಿ ಓದುವ ಮಗನ ಪಾಲಿಗೆ ಬರುತ್ತದೆ. ಜೊತೆಗೆ ಪಕ್ಕದ ಬ್ಯಾರನ್ನಿನ ಹುಡುಗರು, ಕೂಲಿಗೆ ಬಂದ ಒಬ್ಬಿಬ್ಬರು ದೊಡ್ಡವರು, ಒಂದು ಮೊಬೈಲು. ತೂಕಡಿಕೆ ಬಾರದಿರಲಿ ಅಂತ ಒಂದು ಬೀಡಿ, ಜಡಿಮಳೆಯ ಚಳಿಗೆ ಅಂತ ಮದ್ಯದ ಒಂದು ಟೆಟ್ರಾ ಪ್ಯಾಕು.

ಮಕ್ಕಳು ಕೆಡುವುದು ಮೈಸೂರಿಗೆ, ಬೆಂಗಳೂರಿಗೆ ಓದಲು ಹೋದ ಮೇಲೆ ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಹಾಸ್ಟೆಲ್ಲು, ಪಿಜಿ, ಕೆಟ್ಟ ಸಹವಾಸ. ಅದರಲ್ಲಿ ಸುಳ್ಳಿಲ್ಲ. 2025ರ ಜುಲೈಯಲ್ಲಿ ಮುಂಬೈ ಪೊಲೀಸರು ಬಂದು ಮೈಸೂರಿನ ಹೊರವಲಯದಲ್ಲಿ ಮೆಫೆಡ್ರೋನ್ ತಯಾರಿಸುತ್ತಿದ್ದ ಜಾಗವನ್ನು ಪತ್ತೆ ಹಚ್ಚಿದಾಗ ಜಿಲ್ಲೆಯ ತಂದೆತಾಯಂದಿರೆಲ್ಲ ಒಂದು ಗಳಿಗೆ ಬೆಚ್ಚಿದರು. ಆದರೆ ಈ ಮೂರು ತಾಲ್ಲೂಕು, ಪಕ್ಕದ ಕೆ.ಆರ್. ನಗರ ಸೇರಿ ನಾಲ್ಕು ತಾಲ್ಲೂಕಿನ ಹುಡುಗನೊಬ್ಬ ಮೊದಲ ಸಲ ತುಟಿಗಿಟ್ಟದ್ದು ಆ ಬಿಳಿಪುಡಿಯನ್ನಲ್ಲ. ಮೊದಲ ಬೀಡಿ ಬ್ಯಾರನ್ ಬಾಗಿಲಲ್ಲಿ, ಮೊದಲ ಚಿಟಿಕೆ ಕಡ್ಡಿಪುಡಿ ಅಜ್ಜಿಯ ಎಲೆಅಡಿಕೆ ಸಂಚಿಯಿಂದ, ಮೊದಲ ಗುಟುಕು ನೆಂಟರ ಬಾಡೂಟದಲ್ಲಿ. ಕೊಟ್ಟವರು ಯಾವುದೋ ಜಾಲದವರಲ್ಲ, ಮಾವನೋ ಚಿಕ್ಕಪ್ಪನೋ. ಮಕ್ಕಳಿಗೆ ಬುದ್ಧಿ ಹೇಳುವ ಮುಂಚೆ ಇದನ್ನು ಒಪ್ಪಿಕೊಳ್ಳಬೇಕು. ಒಪ್ಪದೆ ಹೇಳಿದ ಬುದ್ಧಿಮಾತಿಗೆ ಹದಿನಾರರ ಹುಡುಗ ತಲೆ ತಗ್ಗಿಸಿ ನಿಂತಿರುತ್ತಾನೆ, ಒಳಗೊಳಗೇ ನಗುತ್ತಿರುತ್ತಾನೆ.

ತಂಬಾಕು ಮಂಡಳಿ ಗುಂಟೂರಿನಲ್ಲಿ ಶುರುವಾದದ್ದು 1976ರಲ್ಲಿ. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಿಂದ ನಡೆಯುತ್ತಿದೆ. ವರ್ಜೀನಿಯಾ ಸೊಪ್ಪಿನ ದುಡ್ಡಿನಲ್ಲಿ ಇಲ್ಲಿ ಮನೆಗಳೆದ್ದಿವೆ, ಮದುವೆಗಳಾಗಿವೆ, ಇಂಜಿನಿಯರಿಂಗ್ ಫೀಸು ಕಟ್ಟಿದ್ದಾರೆ. ಕಾವೇರಿ ನಾಲೆಯ ಬತ್ತದ ಕೆ.ಆರ್. ನಗರವನ್ನು ಬಿಟ್ಟರೆ ಉಳಿದ ಮೂರೂ ತಾಲ್ಲೂಕಿನ ಲೆಕ್ಕಾಚಾರ ನಿಂತಿರುವುದು ಹರಾಜಿನ ಮೇಲೆ. ಅಂಥ ಮನೆಯಲ್ಲಿ ಮಗ ಅಂಗಡಿಯಿಂದ ಸಿಗರೇಟು ಪೊಟ್ಟಣ ತಂದಾಗ ಅದರ ಎರಡೂ ಮುಖದ ಶೇ 85ರಷ್ಟು ಜಾಗದಲ್ಲಿ ಕ್ಯಾನ್ಸರ್ ಹುಣ್ಣಿನ ಚಿತ್ರ, ಎಚ್ಚರಿಕೆಯ ಮಾತು ಕಾಣುತ್ತದೆ. ಅಪ್ಪ ಸೊಪ್ಪು ಬೆಳೆಯುತ್ತಾನೆ, ಸರ್ಕಾರದ ಮಂಡಳಿಯೇ ಹರಾಜು ನಡೆಸುತ್ತದೆ, ಸರ್ಕಾರವೇ ಸೇದಬೇಡಿ ಎನ್ನುತ್ತದೆ. ಈ ಗೋಜಲು ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದುಕೊಳ್ಳುವುದು ನಮ್ಮ ಭ್ರಮೆ.

ಬೆಳೆಗಾರ ಅಪ್ಪನಿಗೆ ಬುದ್ಧಿ ಹೇಳುವ ಹಕ್ಕಿಲ್ಲವೇ? ಇದೆ. ಇನ್ನೊಬ್ಬರಿಗಿಂತ ಹೆಚ್ಚೇ ಇದೆ, ಮುಚ್ಚುಮರೆ ಬಿಟ್ಟು ಮಾತಾಡಿದರೆ. ಮಳೆಯಲ್ಲಿ ನೆನೆದ ಸೊಪ್ಪು ಮುರಿದ ದಿನ ತಲೆ ಸುತ್ತಿ ವಾಂತಿಯಾಗುವುದು ಇಲ್ಲಿ ಎಲ್ಲರಿಗೂ ಗೊತ್ತು. ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಮೈಗೇರುವುದರಿಂದ ಹಾಗಾಗುತ್ತದೆ, ಮೈ ಸಣ್ಣದಿರುವ ಮಕ್ಕಳಿಗೆ ಬೇಗ ಆಗುತ್ತದೆ. "ಮುಟ್ಟುದ್ರೇ ಹಿಂಗಾಯ್ತದೆ, ಎಳೆದ್ರೆ ಏನಾಗ್ಬೇಕು ನೋಡ್ಲಾ ಮಗ. ಹೊಟ್ಟೆಪಾಡಿಗೆ ಬೆಳೀತೀವಿ. ನೀನು ಸೇದೋಕಲ್ಲ" ಎಂದು ಅಪ್ಪ ಹೇಳಿದರೆ ಅದಕ್ಕಿರುವ ತೂಕ ಯಾವ ಭಾಷಣಕ್ಕೂ ಇಲ್ಲ. ಹಾಗೆ ಹೇಳಿದವನು ಮಗನನ್ನು ಒದ್ದೆ ಸೊಪ್ಪಿನ ಕೆಲಸಕ್ಕೂ ರಾತ್ರಿಯ ಕಾವಲಿಗೂ ಹಚ್ಚದಿದ್ದರೆ ಇನ್ನೂ ಒಳ್ಳೆಯದು. ಆಳಿನ ಕೂಲಿ ಎಷ್ಟು ಏರಿದೆ ಎಂಬುದು ಗೊತ್ತಿಲ್ಲದೆ ಈ ಮಾತು ಹೇಳುತ್ತಿಲ್ಲ. ಕಳಿಸಲೇಬೇಕಾದರೆ ಜೊತೆಗೆ ಯಾರಿರುತ್ತಾರೆ ಎಂಬುದನ್ನಾದರೂ ನೋಡಬೇಕು.

ಇನ್ನೊಂದು ವಿಷಯವಿದೆ, ತೀರಾ ಸಣ್ಣದೆಂದು ಯಾರೂ ಗಮನಿಸುವುದಿಲ್ಲ. "ಹೋಗ್ಲಾ, ಅಂಗಡೀಲಿ ಒಂದ್ ಕಟ್ಟು ಬೀಡಿ ತಗಂಡ್ ಬಾ, ಚಿಲ್ಲರೆ ನೀನೇ ಇಟ್ಕೊ." ಎಂಟು ವರ್ಷದ ಮಗುವಿಗೆ ನಾವು ಕಲಿಸುವ ಮೊದಲ ವ್ಯವಹಾರ ಇದು. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೇ ಕಳ್ಳತನದಲ್ಲಿ ಎಣ್ಣೆ ಮಾರುವ ಕಡೆ ಟೆಟ್ರಾ ಪ್ಯಾಕನ್ನೂ ಹೀಗೆಯೇ ತರಿಸುತ್ತಾರೆ. ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನ ಪ್ರಕಾರ ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ರಾಜ್ಯದ ಅಬಕಾರಿ ನಿಯಮ 21ರೊಳಗಿನವರಿಗೆ ಮದ್ಯ ಮಾರಕೂಡದು ಎನ್ನುತ್ತದೆ. 2023ರ ಆರಂಭದಲ್ಲಿ ವಯಸ್ಸನ್ನು 18ಕ್ಕೆ ಇಳಿಸುವ ಕರಡು ನಿಯಮವೊಂದು ಹೊರಟಿತ್ತು, ವಿರೋಧ ಬಂದದ್ದರಿಂದ ಸರ್ಕಾರ ಕೈಬಿಟ್ಟಿತು. ತಂಬಾಕಿಗೂ 2025ರಿಂದ ರಾಜ್ಯದಲ್ಲಿ 21 ವರ್ಷವೇ ಮಿತಿ. ಕಾನೂನು ಹೀಗಿದ್ದರೂ ಅಂಗಡಿಯವನು ವಯಸ್ಸು ಕೇಳುವುದಿಲ್ಲ, ಏಕೆಂದರೆ ಕಳಿಸಿದವರು ಯಾರೆಂದು ಅವನಿಗೆ ಗೊತ್ತು. ಬೀಡಿ ಬೇಕಾದವನು ತಾನೇ ಎದ್ದು ಹೋಗಲಿ. ಮನೆಯೊಂದು ಇವತ್ತೇ ಮಾಡಬಹುದಾದ, ಕಾಸು ಖರ್ಚಿಲ್ಲದ ಬದಲಾವಣೆ ಇದು.

ಹಬ್ಬದ ಮಾತು ಸ್ವಲ್ಪ ಕಷ್ಟದ್ದು. ಯುಗಾದಿಯ ಮಾರನೇ ದಿನ ವರ್ಷದ ತೊಡಕು, ಬೇಸಿಗೆಯಲ್ಲಿ ಮಾರಿಹಬ್ಬ, ಮದುವೆಯಾದ ಮೇಲೆ ಬೀಗರೂಟ. ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಇಷ್ಟವಿತ್ತು ಅಂತ ಬಾಡು, ವಡೆ, ಬೀಡಿಯ ಜೊತೆ ಒಂದು ಕ್ವಾರ್ಟರ್ ಬಾಟಲಿಯನ್ನೂ ಎಡೆಗೆ ಇಡುವ ಮನೆಗಳಿವೆ. ಈ ಪದ್ಧತಿಗಳ ಮೇಲೆ ನನಗೆ ಸಿಟ್ಟಿಲ್ಲ. ಸತ್ತ ತಾತನ ಚಪಲವನ್ನೂ ನೆನಪಿಟ್ಟು ಬಡಿಸುವುದರಲ್ಲಿ ಒಂದು ಅಂತಃಕರಣವಿದೆ. ತೊಡಕಾಗುವುದು ಎಡೆ ಎತ್ತಿದ ಮೇಲೆ, "ಪ್ರಸಾದ ಕಣ್ಲಾ, ಒಂಚೂರು ಬಾಯಿಗಿಟ್ಕೊ" ಎಂದು ಬಾಟಲಿಯ ಮುಚ್ಚಳವನ್ನು ಹುಡುಗನ ಬಾಯಿಗೆ ಹಿಡಿದಾಗ. ಬೀಗರೂಟದಲ್ಲಿ ಎಲೆಗೆ ಬಡಿಸುವ ಹುಡುಗರ ಕೈಗೇ ಬಾಟಲಿಗಳ ಉಸ್ತುವಾರಿ ಕೊಟ್ಟಾಗ.

ಕದ್ದು ಕುಡಿಯುವುದಕ್ಕಿಂತ ಮನೆಯವರ ಎದುರೇ ಒಂದು ಗುಟುಕು ರುಚಿ ನೋಡಲಿ, ಹುಚ್ಚು ಬಿಡುತ್ತದೆ ಎಂಬ ವಾದ ಓದಿದವರ ಮನೆಗಳಲ್ಲೂ ಇದೆ. ಕೇಳಲು ಸಮಂಜಸವಾಗಿಯೇ ಇದೆ. ಆದರೆ ಆಸ್ಟ್ರೇಲಿಯಾದಲ್ಲಿ ಸುಮಾರು 1900 ಮಕ್ಕಳನ್ನು ಆರು ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತಂದೆತಾಯಿಯೇ ಮದ್ಯ ಕೊಟ್ಟ ಮಕ್ಕಳು ಮುಂದೆ ಅಪಾಯದ ಕುಡಿತದಿಂದ ಪಾರಾದದ್ದು ಅದರಲ್ಲಿ ಕಾಣಲಿಲ್ಲ. ಹೊರಗೆ ಸಂಪಾದಿಸುವುದು ಅವರಿಗೆ ಇನ್ನೂ ಸುಲಭವಾಗಿತ್ತು. ಅಮೆರಿಕದಲ್ಲಿ 1990ರ ದಶಕದ ದೊಡ್ಡ ಸಮೀಕ್ಷೆಯೊಂದು ಇದಕ್ಕಿಂತ ಖಡಾಖಂಡಿತ ಲೆಕ್ಕ ಕೊಟ್ಟಿತು. ಹದಿನೈದಕ್ಕೆ ಮೊದಲೇ ಕುಡಿಯಲು ಶುರುಮಾಡಿದವರಲ್ಲಿ ಶೇ 40ರಷ್ಟು ಜನ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಮದ್ಯದ ದಾಸರಾಗಿದ್ದರು. ಇಪ್ಪತ್ತು ದಾಟಿದ ಮೇಲೆ ಶುರುಮಾಡಿದವರಲ್ಲಿ ಹಾಗಾದವರು ಸುಮಾರು ಶೇ 10. ಬೇಗ ಕುಡಿದದ್ದೇ ಪೂರ್ತಿ ಕಾರಣ ಎಂದು ಈ ಅಂಕಿ ಸಾಬೀತು ಮಾಡುವುದಿಲ್ಲ. ಕುಡಿತವಿದ್ದ ಮನೆಯ ಮಕ್ಕಳೇ ಬೇಗ ಶುರುಮಾಡಿರಲೂಬಹುದು. ಆದರೂ ಹಿಂದೆಮುಂದೆ ನೋಡಿ ತೀರ್ಮಾನಿಸುವ ಮಿದುಳಿನ ಮುಂಭಾಗ ಬಲಿಯಲು ಇಪ್ಪತ್ತೈದರ ಆಸುಪಾಸು ಬೇಕು. ಶುರುವನ್ನು ವರ್ಷ ವರ್ಷ ಮುಂದಕ್ಕೆ ತಳ್ಳುವುದೇ ತಂದೆತಾಯಿ ಮಾಡಬಹುದಾದ ದೊಡ್ಡ ಕೆಲಸ. ಜನ್ಮಪೂರ್ತಿ ಮುಟ್ಟುವುದಿಲ್ಲ ಅಂತ ದೇವರ ಮುಂದೆ ಆಣೆ ಹಾಕಿಸುವುದಕ್ಕಿಂತ "ಇಪ್ಪತ್ತೊಂದಾಗೋವರ್ಗೂ ನಮ್ಮನೇಲಿ ಇಲ್ಲ" ಎಂಬ ಮಾತು ನಡೆಯುತ್ತದೆ. ಅದಕ್ಕೊಂದು ಗಡಿಯಿದೆ, ಕಾನೂನಿನ ಬೆಂಬಲವಿದೆ, ಹುಡುಗನಿಗೂ ಗೆಳೆಯರ ಮುಂದೆ ಹೇಳಿಕೊಳ್ಳಲು ಒಂದು ನೆಪ ಸಿಗುತ್ತದೆ.

ಗೆಳೆಯರ ಮುಂದೆ ಬೇಡ ಎನ್ನುವುದು ದೊಡ್ಡವರಿಗೇ ಆಗದ ಕೆಲಸ. "ಗಂಡ್ಸೇನ್ಲಾ ನೀನು?" ಎಂಬ ಒಂದೇ ಪ್ರಶ್ನೆಗೆ ಮೀಸೆ ಬಂದವರೂ ಸೋಲುತ್ತಾರೆ. ಹಾಗಾಗಿ ಏನು ಹೇಳಬೇಕು ಎಂಬುದನ್ನು ಮನೆಯಲ್ಲೇ ಬಾಯಿಪಾಠ ಮಾಡಿಸುವುದರಲ್ಲಿ ತಪ್ಪಿಲ್ಲ. ಈ ಸೀಮೆಯ ಹುಡುಗರಿಗೆ ಒಂದು ಅನುಕೂಲವಿದೆ. ಮುಂಜಾನೆ ರಸ್ತೆಯಲ್ಲಿ ಓಡುವ ಪಡ್ಡೆಗಳನ್ನು ನೋಡಿ, ಅರ್ಧಕ್ಕರ್ಧ ಪೊಲೀಸ್ ಕಾನ್‌ಸ್ಟೆಬಲ್ಲೋ ಸೇನೆಯೋ ಅಂತ ಕನಸು ಕಟ್ಟಿದವರು. "ಫಿಜಿಕಲ್ ಟೆಸ್ಟ್ ಐತೆ ಕಣ್ರಲಾ, ಬ್ಯಾಡ" ಎಂದರೆ ಯಾರೂ ನಗುವುದಿಲ್ಲ. ಗಾಂಜಾ ವಿಚಾರದಲ್ಲಂತೂ ಅದು ಬರೀ ನೆಪವಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾರುವುದು ಮಾತ್ರವಲ್ಲ, ಸೇದುವುದೂ ಅಪರಾಧ. ಒಂದು ಕೇಸು ಬಿದ್ದರೆ ನೌಕರಿಯ ಪೊಲೀಸ್ ವೆರಿಫಿಕೇಷನ್ನಿನಲ್ಲಿ ಅದು ಎದ್ದು ನಿಲ್ಲುತ್ತದೆ. ಕೇರಳದಲ್ಲಿ ನಿಷೇಧವಿರುವ ಹಾನ್ಸ್‌ನಂಥ ತಂಬಾಕಿನ ಪೊಟ್ಟಣ ಇಲ್ಲಿಂದ ಗಡಿಯ ಬಾವಲಿ ದಾಟಿ ಹೋಗುವುದು, ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವುದು ಹೊಸದೇನಲ್ಲ. ಒಳಗೇನಿದೆಯೆಂದು ಗೊತ್ತಿಲ್ಲದ ಪಾರ್ಸೆಲ್ಲನ್ನು ಪರಿಚಯದವರೇ ಕೊಟ್ಟರೂ ಬೈಕಿಗೆ ಏರಿಸಬಾರದು ಎಂದು ಎಚ್.ಡಿ. ಕೋಟೆ ಕಡೆಯ ತಾಯಂದಿರು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಬೈಕು ಅಂದೆ. ಸೊಪ್ಪಿನ ದುಡ್ಡು ಬ್ಯಾಂಕಿಗೆ ಬಿದ್ದ ವಾರದಲ್ಲಿ ಎರಡು ಕಡೆ ವ್ಯಾಪಾರ ಜೋರು, ಬಾರಿನಲ್ಲಿ ಮತ್ತು ಬೈಕ್ ಶೋರೂಮಿನಲ್ಲಿ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡ ಕಟ್ಟಬಹುದು. ಕುಡಿದವನು ಮೈಸೂರು–ಮಡಿಕೇರಿ ಹೆದ್ದಾರಿಗೆ ಗಾಡಿ ಇಳಿಸಿದರೆ ಆಗುವುದನ್ನು ಕಟ್ಟಿಕೊಡಲು ಯಾರಿಗೂ ಆಗುವುದಿಲ್ಲ. ಪ್ರತಿಯೊಂದು ಮನೆಯಲ್ಲೂ ಇರಲೇಬೇಕೆಂದು ನಾನು ಹಟ ಹಿಡಿಯುವ ಕರಾರು ಒಂದೇ. "ನೀನು ಕುಡಿದಿದ್ರೂ ಸೈ, ಗಾಡಿ ಓಡ್ಸೋನು ಕುಡಿದಿದ್ರೂ ಸೈ, ಹತ್ಬೇಡ. ಎಷ್ಟೊತ್ತಾದ್ರೂ ಫೋನ್ ಮಾಡು, ಬಂದು ಕರ್ಕೊಂಡ್ ಬತ್ತೀನಿ. ಅಲ್ಲಿ ಬೈಯಲ್ಲ. ಬೆಳಿಗ್ಗೆ ಕೂತು ಮಾತಾಡುವಾ." ಇದು ಕುಡಿಯಲು ಕೊಟ್ಟ ಪರವಾನಗಿ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಷೇಧವೂ ಇರಲಿ, ಈ ಬಾಗಿಲೂ ತೆರೆದಿರಲಿ. ಆದರೆ ಅಪ್ಪ ಆ ರಾತ್ರಿ ಮಾತಿನಂತೆ ಸುಮ್ಮನಿರಬೇಕು, ಬೆಳಿಗ್ಗೆ ನಿಜವಾಗಿ ಕೂತು ಮಾತಾಡಬೇಕು. ಒಂದು ಸಲ ರಸ್ತೆಯಲ್ಲೇ ಕೆನ್ನೆಗೆ ಬಾರಿಸಿದರೆ ಇನ್ನೊಂದು ಸಲ ಫೋನು ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಈ ಮಾತುಕತೆಯಲ್ಲಿ ಯಾವಾಗಲೂ ಬಿಟ್ಟುಹೋಗುತ್ತದೆ. ಅವರು ಮುಟ್ಟುವುದಿಲ್ಲ ಎಂಬ ನಂಬಿಕೆ ಒಂದು, ಮುಟ್ಟಿದರೂ ಹೇಳುವುದಿಲ್ಲ ಎಂಬ ವಾಸ್ತವ ಇನ್ನೊಂದು. ಬಟ್ಟೆಗೆ ವಾಸನೆ ಹತ್ತದ, ಹೊಗೆ ಬಾರದ ಕೂಲ್ ಲಿಪ್‌ನಂಥ ತಂಬಾಕಿನ ಪುಟ್ಟ ಪೊಟ್ಟಣ ತುಟಿಯೊಳಗೆ ಕೂತರೆ ಪಕ್ಕದ ಬೆಂಚಿನವರಿಗೂ ತಿಳಿಯುವುದಿಲ್ಲ. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಅಡಿಕೆ ಪುಡಿ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದು ಕೂತಿತು, ಅಷ್ಟೇ ವ್ಯತ್ಯಾಸ. ಕುಡಿದು ಬಂದ ಅಪ್ಪನ ಗಲಾಟೆಗೆ ಹೆದರಿ ಪುಸ್ತಕ ಮುಚ್ಚಿಡುವ ಮಗಳೂ ಈ ಲೆಕ್ಕದಲ್ಲಿ ಬರಬೇಕು, ಅವಳು ಏನನ್ನೂ ಮುಟ್ಟದಿದ್ದರೂ. ಬೇಗ ಮದುವೆ ಮಾಡಿಬಿಡೋಣ ಎಂಬ ಮಾತು ಏಳುವುದೂ ಇಂಥ ಮನೆಗಳಲ್ಲೇ.

ತಾನೇ ಕುಡಿಯುವ ತಂದೆಗೆ ಇದನ್ನೆಲ್ಲ ಓದಿ ಕಸಿವಿಸಿಯಾಗಬಹುದು. ಮಗನಿಗೆ ಹೇಳುವುದಕ್ಕೆ ಮುಂಚೆ ಬಿಡಲೇಬೇಕೆಂದು ಯಾರೂ ಷರತ್ತು ಹಾಕಿಲ್ಲ, ಬಿಡಲು ಹೊರಟ ಅಪ್ಪನನ್ನು ನೋಡುವುದೇ ಮಗನಿಗೆ ದೊಡ್ಡ ಪಾಠ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಊರೂರಲ್ಲಿ ಎಂಟು ದಿನ ನಡೆಯುತ್ತವೆ. ಅಲ್ಲಿಗೆ ಹೋಗಿ ಬಂದು ಉಳಿದುಕೊಂಡವರಿದ್ದಾರೆ, ಜಾರಿದವರೂ ಇದ್ದಾರೆ. ದಿನಾ ವಿಪರೀತ ಕುಡಿಯುತ್ತಿದ್ದವರು ಮನೆಯಲ್ಲಿ ತಮ್ಮಷ್ಟಕ್ಕೆ ಧುತ್ತನೆ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಬುದ್ಧಿಭ್ರಮೆ ಬಂದು ಜೀವಕ್ಕೇ ಎರವಾಗಬಹುದು, ಅಂಥವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು.

ಹಾಡಿಗಳ ಬಗ್ಗೆ ಒಂದು ಮಾತು. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಜೇನುಕುರುಬರು, ಬೆಟ್ಟಕುರುಬರ ಮಕ್ಕಳ ವಿಷಯ ಬಂದ ಕೂಡಲೇ "ಅವ್ರು ಕುಡೀತಾರೆ ಬುಡಿ" ಎಂದು ಕೈಕೊಡವುವುದು ಪಟ್ಟಣದವರ ಚಾಳಿ. ನಾಗರಹೊಳೆ, ಬಂಡೀಪುರದ ಕಾಡಿನಿಂದ ಹೊರಬಿದ್ದ, ಕಬಿನಿ ನೀರಿನಲ್ಲಿ ನೆಲೆ ಕಳೆದುಕೊಂಡ ಕುಟುಂಬಗಳು ಕೊಡಗಿನ ಕಾಫಿ ತೋಟದ ಕೂಲಿಗೆ ಹೋಗುತ್ತವೆ. ಲೈನ್‌ಮನೆಯಲ್ಲಿ ವಾರದ ಬಟವಾಡೆ ಕೈಗೆ ಬರುವ ದಿನವೇ ಎಣ್ಣೆಯೂ ಹುಡುಕಿಕೊಂಡು ಬರುತ್ತದೆ. ಕಾಫಿ ಕುಯ್ಲಿಗೆ ಅಪ್ಪ ಅಮ್ಮನ ಹಿಂದೆ ಹೋದ ಹುಡುಗ ಶಾಲೆಯನ್ನೂ ಬಿಡುತ್ತಾನೆ, ದೊಡ್ಡವರ ಪಂಕ್ತಿಗೂ ಸೇರುತ್ತಾನೆ. ಇವರಿಗೆ ಬೇಕಾದದ್ದು ಕುಯ್ಲಿನ ಕಾಲದಲ್ಲಿ ಮಗುವನ್ನು ಉಳಿಸಿಕೊಂಡು ಅನ್ನ ಹಾಕಿ ಓದಿಸುವ ಜಾಗ. ಆಶ್ರಮ ಶಾಲೆಗಳು ಇವೆ. ಅವುಗಳಲ್ಲಿ ಮೇಷ್ಟರೂ ಊಟವೂ ನೆಟ್ಟಗಿದ್ದರೆ ಅದಕ್ಕಿಂತ ಹೆಚ್ಚಿನ ವ್ಯಸನಮುಕ್ತಿ ಕಾರ್ಯಕ್ರಮ ಬೇಕಿಲ್ಲ. 2007ರ ಜುಲೈ ಒಂದರಂದು ಸಾರಾಯಿ ಪ್ಯಾಕೆಟ್ಟು ನಿಂತಾಗ ಹಾಡಿಗಳಲ್ಲೂ ಕೇರಿಗಳಲ್ಲೂ ಹೆಂಗಸರು ಉಸಿರುಬಿಟ್ಟಿದ್ದರು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2025–26ರ ಬಜೆಟ್ಟಿನಲ್ಲಿ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ.

ಮಗ ಆಗಲೇ ದಾರಿ ತಪ್ಪಿದ್ದಾನೆ ಎನಿಸಿದರೆ? ಸಿಡುಕು, ಕೋಣೆ ಬಾಗಿಲು ಹಾಕಿಕೊಳ್ಳುವುದು ಆ ವಯಸ್ಸಿಗೇ ಸಹಜ, ಅದೊಂದರಿಂದ ಏನನ್ನೂ ನಿರ್ಧರಿಸಬಾರದು. ಹಳೆಯ ಗೆಳೆಯರು ಒಮ್ಮೆಗೇ ಬಿಟ್ಟುಹೋಗುವುದು, ಮನೆಯಲ್ಲಿ ದುಡ್ಡು ಸೋರುವುದು, ಬ್ಯಾಗಿನಲ್ಲಿ ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆಗಳು ಸಿಗುವುದು ಬೇರೆ ಮಾತು. ಮೂಸುವ ಚಟವನ್ನು ಚಿಲ್ಲರೆ ಎಂದು ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡದ್ದು ಅದೊಂದೇ, ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಮಂತ್ರ, ಯಂತ್ರ, ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ ಇವುಗಳಿಗೆ ದುಡ್ಡು ಸುರಿಯುವ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕಿಗೇ ಬರುವ ಏರ್ಪಾಟಿಗೆ ಮನೋಚೈತನ್ಯ ಎಂಬ ಹೆಸರಿದೆ. ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿಮನಸ್ 14416. ಪೊಲೀಸರ ಭಯದಿಂದ ಮನೆಯವರು ಮುಚ್ಚಿಡುವುದುಂಟು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ ಎಂಬುದು ತಿಳಿದಿರಲಿ.

ಇನ್ನು ಶಾಲೆಗಳು. ಪ್ರತಿ ವರ್ಷ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನದ ಜಾಥಾ ಹೊರಡುತ್ತದೆ. ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಲ್ಲಿ ನಡೆಸಿ, ಫೋಟೊ ತೆಗೆದು, ಬಿಸ್ಕತ್ತು ಕೊಟ್ಟು ಕಳಿಸುತ್ತೇವೆ. ಅಮೆರಿಕದಲ್ಲಿ 1983ರಿಂದ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುವ 'ಡೇರ್' ಎಂಬ ಕಾರ್ಯಕ್ರಮ ನಡೆಯಿತು, ಕೋಟಿಗಟ್ಟಲೆ ಡಾಲರ್ ಖರ್ಚಾಯಿತು, ಮಕ್ಕಳ ಚಟದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಅಧ್ಯಯನಗಳಿಗೆ ಕಾಣಲಿಲ್ಲ. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. 1998ರಲ್ಲಿ ಅಲ್ಲಿನ ಹದಿನೈದು ಹದಿನಾರರ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ದಿನಾ ಸಿಗರೇಟು ಸೇದುವವರು ಶೇ 23ರಿಂದ 3ಕ್ಕೆ ಇಳಿದರು. ಭಾಷಣ ಕಮ್ಮಿ ಮಾಡಿ ಅವರು ಮಕ್ಕಳ ಸಂಜೆಯನ್ನು ತುಂಬಿದರು. ಆಟ, ಸಂಗೀತಕ್ಕೆ ಸರ್ಕಾರದ ದುಡ್ಡು ಕೊಟ್ಟರು, ರಾತ್ರಿ ಇಷ್ಟು ಹೊತ್ತಿಗೆ ಮಕ್ಕಳು ಮನೆಯಲ್ಲಿರಬೇಕೆಂದು ಕಾನೂನು ಮಾಡಿದರು, ಒಂದು ಶಾಲೆಯ ತಂದೆತಾಯಂದಿರೆಲ್ಲ ಸೇರಿ ನಮ್ಮ ಯಾರ ಮನೆಯಲ್ಲೂ ಮಕ್ಕಳಿಗೆ ಮದ್ಯ ಕೊಡುವುದಿಲ್ಲ ಎಂದು ಸಹಿ ಹಾಕಿಕೊಂಡರು. ಕಾನೂನು, ದುಡ್ಡು ನಮ್ಮ ಕೈಯಲ್ಲಿಲ್ಲದಿರಬಹುದು. ಆ ಸಹಿ ಹಾಕಲು ಯಾರ ಅಪ್ಪಣೆಯೂ ಬೇಡ, ಊರಿನ ಸ್ತ್ರೀಶಕ್ತಿ ಸಂಘದ ಒಂದು ಸಭೆ ಸಾಕು.

ನಮ್ಮ ಹುಡುಗರ ಸಂಜೆ ಹೇಗಿದೆ? ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ತಾಲ್ಲೂಕು ಕೇಂದ್ರದ ಪಿಯು ಕಾಲೇಜಿಗೆ ಬರುವವರಿಗೆ ಕ್ಲಾಸು ಮುಗಿಯುವ ಹೊತ್ತಿಗೂ ಊರಿಗೆ ಹಿಂದಿರುಗುವ ಬಸ್ಸಿಗೂ ನಡುವೆ ಎರಡು ಮೂರು ಗಂಟೆ ಬಿಡುವು ಬೀಳುವುದು ಸಾಮಾನ್ಯ. ಕಾಲೇಜಿನ ಗೇಟು ಹಾಕಿರುತ್ತದೆ. ಇರುವುದು ಬಸ್‌ಸ್ಟ್ಯಾಂಡು, ಅದರ ಹಿಂದಿನ ಪೆಟ್ಟಿಗೆ ಅಂಗಡಿಗಳು, ಕೆರೆ ಏರಿ, ಕೆ.ಆರ್. ನಗರದವರಿಗೆ ಹೊಳೆದಂಡೆ. ಶಾಲೆ, ಕಾಲೇಜುಗಳ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ, ನೂರೊಂದನೇ ಗಜದಲ್ಲಿ ಹುಡುಗರು ಮೂರು ಗಂಟೆ ಕಾಯುತ್ತಾರೆ. ಕಾಲೇಜು ಅಭಿವೃದ್ಧಿ ಸಮಿತಿಯವರು ಮೈದಾನ ಮತ್ತು ಲೈಬ್ರರಿಯ ಬೀಗವನ್ನು ಸಂಜೆ ಐದರವರೆಗೆ ತೆಗೆಸಬಹುದು, ಒಬ್ಬ ದೈಹಿಕ ಶಿಕ್ಷಕರಿಗೆ ಒಂದಷ್ಟು ಗೌರವಧನ ಹೊಂದಿಸಬಹುದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ಸಂಜೆ ತೆರೆದಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಬಹುದು. ಎಲ್ಲಕ್ಕಿಂತ ಮುಂಚೆ ಆಯಾ ಬಸ್ ರೂಟಿನ ಹತ್ತು ಹದಿನೈದು ಮನೆಯವರು ಸೇರಿ, ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ಒಂದು ಟ್ರಿಪ್ ಹಾಕಿಕೊಡಿ ಎಂದು ಕೆಎಸ್‌ಆರ್‌ಟಿಸಿ ಡಿಪೋ ಮ್ಯಾನೇಜರಿಗೆ ಅರ್ಜಿ ಬರೆಯಬಹುದು. ಬಸ್ಸಿನ ಹೊತ್ತು ಬದಲಾಗಲು ಎರಡು ಮೂರು ಸಲ ಓಡಾಡಬೇಕಾದೀತು. ಅರ್ಜಿಯ ಜೊತೆ ವಿದ್ಯಾರ್ಥಿಗಳ ಪಾಸಿನ ಪಟ್ಟಿ ಲಗತ್ತಿಸಿ, ಪ್ರಾಂಶುಪಾಲರ ಸಹಿ ಹಾಕಿಸಿಕೊಂಡು ಹೋಗಿ.